ಹತ್ತು ಊರುಗಳ ಕುಲುಮೆ

ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ಕನ್ನಡನಾಡಿನ ಹಿರಿಯರು ದಾನಧರ್ಮದ ಪ್ರಸಂಗದಲ್ಲಿ ಹೇಳುವುದುಂಟು. ಅದು ವಿದ್ಯೆಯ ವಿಷಯದಲ್ಲಿಯೂ ಸಲ್ಲುವ ಮಾತೆಂಬುದಕ್ಕೆ ಅಮೆರಿಕಾ ದೇಶದ ನ್ಯೂಯಾರ್ಕ್ ಸಂಸ್ಥಾನದ ಏರ್ಪಾಡೊಂದು ನಿದರ್ಶನವಾಗಿದೆ.

ಅಲ್ಲಿ ಶಾಲೆಯ ಆಡಳಿತವು ಬಹುಮಟ್ಟಿಗೆ ಸ್ಥಳೀಯರದು. ಒಂದು ಪಟ್ಟಣವೋ ಕೆಲವು ಹಳ್ಳಿಗಳೋ ಸೇರಿ ಒಂದು ಶಾಲಾಕ್ಷೇತ್ರವೆನಿಸುವುದು; ಜನರು ಮನೆ ಹೊಲಗಳ ಮೇಲೆ ತೆರಿಗೆ ತೆತ್ತು, ಮಂಡಲಿಯನ್ನು ಚುನಾಯಿಸಿ, ತಮ್ಮ ಶಾಲೆಯನ್ನು ತಾವೇ ನಡೆಸಿಕೊಳ್ಳುವರು. ಓದುಬರಹಕ್ಕೆ ಈ ಪದ್ಧತಿ ಸಾಕು. ಕಸಬನ್ನು ಕಲಿಸಹೊರಟಾಗ ಕಷ್ಟ ತೋರುವುದು. ಚಿಕ್ಕ ಊರಿನ ಪ್ರೌಢಶಾಲೆಯಲ್ಲಿ ಮೋಟಾರು ರಿಪೇರಿ ಕಲಿಯಬೇಕೆನ್ನುವವರು ನಾಲ್ವರು, ಲೋಹದ ಬೆಸುಗೆಗೆ ಇಬ್ಬರು, ರೋಗಿಗಳ ಶುಶ್ರೂಷೆಗೆ ಮೂವರು ಇದ್ದಾರೆನ್ನೋಣ. ಇಷ್ಟು ಮಂದಿಗಾಗಿ ಯಂತ್ರಗಳನ್ನು ಕೊಂಡು, ಕಾರ್ಯಾಗಾರವನ್ನು ಕಟ್ಟಿಸಿ, ನುರಿತ ಉಪಾಧ್ಯಾಯರನ್ನು ನೇಮಿಸುವುದು ಆಗದ ಮಾತು. ಇಂಥ ಶಿಕ್ಷಣಕ್ಕೆ ಕೇಂದ್ರ ಸರಕಾರವು 1917ರ ಸ್ಮಿತ್-ಹ್ಯೂಸ್ ಕಾನೂನಿನ ಮೂಲಕ ಹಣ ಕೊಡತೊಡಗಿತ್ತು. ಆದರೆ ಈ ತೊಡಕು ಹಣವೊಂದರಿಂದಲೇ ಬಿಡಿಸುವಂಥದಲ್ಲ; ಕಲಿಯುವವರ ಸಂಖ್ಯೆಯೇ ಅಲ್ಲಿ ಸಾಲದು.

1948ರಲ್ಲಿ ನ್ಯೂಯಾರ್ಕಿನ ಶಾಸನಸಭೆಯು, ನೆರೆಹೊರೆಯ ಕ್ಷೇತ್ರಗಳು ಕೂಡಿ ಸಹಕಾರ ಶಿಕ್ಷಣ ಮಂಡಲಿಗಳನ್ನು ರಚಿಸಿಕೊಳ್ಳಲು ಅನುಮತಿಯಿತ್ತಿತು. ‘ಬೋಸೀಸ್’ ಎಂಬ ಸಂಕ್ಷೇಪನಾಮದಿಂದ ಪ್ರಸಿದ್ಧವಾದ ಈ ಮಂಡಲಿಗಳು ಇಂದು 37 ಇವೆ. ನ್ಯೂಯಾರ್ಕ್, ಬಫೆಲೊ ಮೊದಲಾದ ಐದು ದೊಡ್ಡ ನಗರಗಳು ಇದರ ಹೊರಗಿವೆ. ಮಂಡಲಿಗೆ ತೆರಿಗೆ ಹಾಕುವ ಅಧಿಕಾರವಿಲ್ಲ. ಪಡೆದ ಸೇವೆಯ ವೆಚ್ಚವನ್ನು ಕ್ಷೇತ್ರಗಳು ತೆರುವುವು. ಅದರಲ್ಲೊಂದು ಭಾಗವನ್ನು ಸಂಸ್ಥಾನ ಸರಕಾರವು ಅವುಗಳಿಗೆ ಹಿಂದಿರುಗಿಸುವುದು. ಊರು ತನ್ನ ಶಾಲೆಯನ್ನು ಕಳೆದುಕೊಳ್ಳದೆ ನೆರೆಯವರೊಡನೆ ಕುಲುಮೆಯನ್ನು ಹಂಚಿಕೊಂಡಂತಾಯಿತು.

ಸಾಮಾನ್ಯವಾಗಿ ವಿದ್ಯಾರ್ಥಿಯು ಪ್ರೌಢಶಾಲೆಯ ಕೊನೆಯ ಎರಡು ವರ್ಷಗಳಲ್ಲಿ ಅರ್ಧ ದಿನ ತನ್ನ ಊರಿನಲ್ಲಿ ಇತಿಹಾಸ, ಗಣಿತಗಳನ್ನು ಓದಿ, ಉಳಿದರ್ಧ ದಿನ ಬಸ್ಸಿನಲ್ಲಿ ಕೇಂದ್ರಕ್ಕೆ ಹೋಗಿ ಕಸಬನ್ನು ಕಲಿಯುವನು. ಬೆಳಗ್ಗೆ ಒಂದು ತಂಡ, ಮಧ್ಯಾಹ್ನ ಮತ್ತೊಂದು ತಂಡ, ಯಂತ್ರಗಳಿಗೆ ಬಿಡುವಿಲ್ಲ. ತೇರ್ಗಡೆಯ ಪತ್ರವನ್ನು ಕೊಡುವುದು ಅವನ ಊರಿನ ಶಾಲೆಯೇ.

ಲೆಕ್ಕದ ಪುಸ್ತಕದಲ್ಲಿ ಇದು ನಿರ್ದುಷ್ಟವಾಗಿ ಕಾಣುವುದು. ಆದರೆ ಬಸ್ಸಿನಲ್ಲಿ ಕುಳಿತ ಆ ಹುಡುಗನ ಪಾಡೇನು? ದಾರಿಯಲ್ಲಿ ಕಳೆದ ಹೊತ್ತು ಪಾಠಕ್ಕಿಲ್ಲ, ಆಟಕ್ಕೂ ಇಲ್ಲ. ಎರಡು ಕಡೆಯೂ ಅವನು ಅರ್ಧ ದಿನದ ಅತಿಥಿ. ಇದಕ್ಕಿಂತ ಹೆಚ್ಚಿನ ಅಪಾಯವು ದೊಡ್ಡವರ ಮನಸ್ಸಿನಲ್ಲಿದೆ. ಓದಿನಲ್ಲಿ ಹಿಂದೆ ಬಿದ್ದವನನ್ನು ಸಾಗಹಾಕಲು ಒಂದು ಜಾಗ ದೊರೆಯಿತೆಂದು ಶಾಲೆಯು ಭಾವಿಸಿದರೆ, ಹಂಚಿಕೊಂಡದ್ದು ವಿದ್ಯೆಯಲ್ಲ, ಹೊಣೆಯನ್ನು ಜಾರಿಸುವ ಉಪಾಯ. ಕೈಕೆಲಸವನ್ನು ಕೀಳೆಂದೆಣಿಸುವ ಚಾಳಿ ಒಂದೇ ದೇಶದ ಸೊತ್ತಲ್ಲ.

ಭಾರತದಲ್ಲಿಯೂ ಇದರ ಸಮೀಪದ ವಿಚಾರವುಂಟು. ನೆರೆಯ ಶಾಲೆಗಳನ್ನು ಒಂದು ಸಮುಚ್ಚಯವಾಗಿ ಕೂಡಿಸಬೇಕೆಂದು 1964-66ರ ಕೊಠಾರಿ ಆಯೋಗವು ಸೂಚಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಅದನ್ನು ಪುನಃ ಎತ್ತಿಹಿಡಿಯಿತು. ಕಾರ್ಯಾಗಾರವನ್ನು ಹಂಚಿಕೊಳ್ಳಲು ಒಪ್ಪಂದ ಸಾಕು. ಅಲ್ಲಿಂದ ಮಸಿ ಮೆತ್ತಿದ ಕೈಯಲ್ಲಿ ಹಿಂದಿರುಗುವ ಹುಡುಗನನ್ನು, ಗಣಿತದಲ್ಲಿ ಮೊದಲಿಗನಾದವನಷ್ಟೇ ಗೌರವದಿಂದ ಅವನ ಸ್ವಂತ ಶಾಲೆಯು ಬರಮಾಡಿಕೊಳ್ಳಬೇಕಾದರೆ ಊರಿನ ಮನಸ್ಸು ಬದಲಾಗಬೇಕು. ಆ ಕೆಲಸವನ್ನು ಮಾತ್ರ ಪ್ರತಿಯೊಂದು ಊರೂ ಬೇರೆಬೇರೆಯಾಗಿಯೇ ಮಾಡಿಕೊಳ್ಳತಕ್ಕದ್ದು.