ಗೋಡೆ ಒಡೆಯದೆ ಕಟ್ಟಿದ ಕೋಣೆ

ದೊಡ್ಡ ಸಂಸ್ಥೆಗಳಲ್ಲಿ ದೂರುಗಳು ಹುಟ್ಟುವುದು ಸಹಜ. ವಿದ್ಯಾರ್ಥಿನಿಲಯದ ನಲ್ಲಿಯಲ್ಲಿ ನೀರು ಬಾರದಿರುವುದು, ಅಂಕಪಟ್ಟಿಯಲ್ಲಿ ತಂದೆಯ ಹೆಸರು ತಪ್ಪಾಗಿ ಅಚ್ಚಾಗುವುದು, ಪ್ರಯೋಗಾಲಯದ ಗಣಕಯಂತ್ರ ಪರೀಕ್ಷೆಯ ಮುನ್ನಾದಿನವೇ ಕೆಟ್ಟು ನಿಲ್ಲುವುದು ಯಾವ ವಿದ್ಯಾಲಯಕ್ಕೂ ಹೊಸತಲ್ಲ. ಬಂದ ದೂರು ಯಾರ ಕೈಸೇರಿತು, ಎಂದು ಬಗೆಹರಿಯಿತು ಎಂಬುದಕ್ಕೆ ಲೆಕ್ಕವಿಟ್ಟ ಸಂಸ್ಥೆಯೇ ಜನರ ವಿಶ್ವಾಸಕ್ಕೆ ಪಾತ್ರವಾಗುತ್ತದೆ. ಹಿಂದೆ ಈ ಲೆಕ್ಕವನ್ನು ಕಚೇರಿಯ ಮೇಜಿನ ಮೇಲಿನ ದಪ್ಪ ರಿಜಿಸ್ಟರು ಹೊತ್ತಿತ್ತು. ಇಂದು ಆ ಕಾರ್ಯವನ್ನು ಟಿಕೆಟ್ ತಂತ್ರಾಂಶಗಳು ನಿರ್ವಹಿಸುತ್ತಿವೆ. ಇಲ್ಲಿ ಟಿಕೆಟ್ ಎಂದರೆ ಪ್ರಯಾಣದ ಚೀಟಿಯಲ್ಲ. ಒಂದು ಮನವಿಗೆ ಕೊಟ್ಟ ಸಂಖ್ಯೆ, ಅದಕ್ಕೊಬ್ಬ ಹೊಣೆಗಾರ, ಅದು ತೆರೆದಿದೆಯೋ ಮುಗಿದಿದೆಯೋ ಎಂಬ ಗುರುತು, ಇಷ್ಟೂ ಸೇರಿದ ದಾಖಲೆ.

ಇಂತಹ ತಂತ್ರಾಂಶಗಳಲ್ಲಿ ಓಟಿಆರ್‌ಎಸ್ ಎಂಬುದು ಬಹುಕಾಲ ಹೆಸರಾಗಿತ್ತು. ಜರ್ಮನಿಯ ಮಾರ್ಟಿನ್ ಎಡೆನ್‌ಹೋಫರ್ ಎಂಬವರು 2001ರಲ್ಲಿ ಇದನ್ನು ಆರಂಭಿಸಿದರು. ಪರ್ಲ್ ಎಂಬ ಗಣಕಭಾಷೆಯಲ್ಲಿ ಬರೆಯಲ್ಪಟ್ಟ ಇದರ ಮೂಲಸಂಕೇತ ಎಲ್ಲರಿಗೂ ತೆರೆದಿತ್ತು. ಯಾರಾದರೂ ಓದಬಹುದಿತ್ತು, ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಬಹುದಿತ್ತು, ತಿದ್ದಿದುದನ್ನು ಇತರರಿಗೆ ಹಂಚಬಹುದಿತ್ತು. ವಿಕಿಪೀಡಿಯಕ್ಕೆ ಬರುವ ಓದುಗರ ಪತ್ರಗಳಿಗೆ ಉತ್ತರಿಸುವ ಸ್ವಯಂಸೇವಕರೂ ಅನೇಕ ವರ್ಷ ಇದನ್ನೇ ಬಳಸಿದರು.

ತಿದ್ದುವ ಸ್ವಾತಂತ್ರ್ಯವೇನೋ ದೊಡ್ಡದು. ಆದರೆ ಎಲ್ಲಿ ತಿದ್ದಬೇಕು ಎಂಬ ವಿವೇಕವಿಲ್ಲದಿದ್ದರೆ ಆ ಸ್ವಾತಂತ್ರ್ಯವೇ ತೊಡಕಾಗುತ್ತದೆ. ವಿದ್ಯಾಲಯವೊಂದರ ಗಣಕ ವಿಭಾಗಕ್ಕೆ ಹೊಸದಾಗಿ ಸೇರಿದ ತರುಣನೊಬ್ಬ ಈ ಮಾತನ್ನು ಅನುಭವದಿಂದಲೇ ಅರಿಯಬೇಕಾಯಿತು. ಅಲ್ಲಿನ ಪ್ರಾಚಾರ್ಯರ ಅಪೇಕ್ಷೆ ಸರಳವಾಗಿತ್ತು: ವಿದ್ಯಾರ್ಥಿನಿಲಯದಿಂದ ದೂರು ಬಂದೊಡನೆ, ಕೋಣೆಯ ಸಂಖ್ಯೆಯನ್ನು ನೋಡಿ, ಅಂದಿನ ಸರದಿಯಲ್ಲಿರುವ ನಿಲಯಪಾಲಕರ ಹೆಸರಿಗೆ ಅದು ತಾನಾಗಿಯೇ ಸೇರಬೇಕು. ಸರದಿಯ ಪಟ್ಟಿ ನಿಲಯದ ಬೇರೊಂದು ದಾಖಲೆಯಲ್ಲಿ ಇದ್ದುದರಿಂದ ತಂತ್ರಾಂಶಕ್ಕೆ ಅದು ತಿಳಿಯುವಂತಿರಲಿಲ್ಲ. ತರುಣನಿಗಿಂತ ಮೊದಲು ಆ ಸ್ಥಾನದಲ್ಲಿದ್ದವರು ಜಾಣರು. ಅವರು ತಂತ್ರಾಂಶದ ಹೃದಯಭಾಗವಾದ ಕರ್ನೆಲ್ ಎಂಬ ಕಡತಕೋಶವನ್ನು ಹೊಕ್ಕು, ಟಿಕೆಟುಗಳನ್ನು ಸೃಷ್ಟಿಸುವ ಕಡತದ ನಡುವೆಯೇ ಕೆಲವು ಸಾಲುಗಳನ್ನು ಸೇರಿಸಿದ್ದರು. ಎರಡು ವರ್ಷ ಎಲ್ಲವೂ ಸುಗಮವಾಗಿ ನಡೆಯಿತು.

ತರುಣ ಬಂದ ಮೇಲೆ ತಂತ್ರಾಂಶದ ಹೊಸ ಆವೃತ್ತಿಯನ್ನು ಸ್ಥಾಪಿಸಿದ. ಹೊಸ ಕಡತ ಹಳೆಯದರ ಸ್ಥಾನದಲ್ಲಿ ಕುಳಿತಿತು. ಸೇರಿಸಿದ್ದ ಸಾಲುಗಳು ಅಳಿಸಿಹೋದವು. ತಂತ್ರಾಂಶ ಯಾವ ದೋಷವನ್ನೂ ತೋರಿಸಲಿಲ್ಲ. ಏಕೆಂದರೆ ಅದರ ಮಟ್ಟಿಗೆ ಯಾವ ದೋಷವೂ ಇರಲಿಲ್ಲ! ದೂರುಗಳು ಮೊದಲಿನಂತೆಯೇ ಬಂದವು, ಸಂಖ್ಯೆ ಪಡೆದವು, ಆದರೆ ಯಾವ ನಿಲಯಪಾಲಕರ ಹೆಸರಿಗೂ ಸೇರದೆ ಸಾಲಿನಲ್ಲಿ ಕಾದು ನಿಂತವು. ನೀರಿನ ತೊಟ್ಟಿಯಲ್ಲಿ ಹುಳು ಬಿದ್ದಿದೆಯೆಂಬ ದೂರೊಂದು ಒಂಬತ್ತು ದಿನ ಹಾಗೆಯೇ ಉಳಿಯಿತು. ಆ ವೇಳೆಗೆ ಮೂವರು ಹುಡುಗರು ಹೊಟ್ಟೆನೋವಿನಿಂದ ಊರಿಗೆ ಹೋಗಿದ್ದರು. ನಿಲಯಪಾಲಕರು ದೂರೇ ಬಂದಿಲ್ಲವೆಂದರು, ಹುಡುಗರು ಕೊಟ್ಟಿದ್ದೇವೆಂದರು. ಇಬ್ಬರ ಮಾತೂ ನಿಜವಾಗಿತ್ತು.

ತರುಣ ಕಾರಣವನ್ನು ಹುಡುಕಿದಾಗ ಅವನಿಗೆ ಮೊದಲು ಸುಲಭವಾಗಿ ಕಂಡದ್ದು ಒಂದು ನಡುದಾರಿ. ಓಟಿಆರ್‌ಎಸ್‌ನಲ್ಲಿ ಕಸ್ಟಮ್ ಎಂಬ ಪ್ರತ್ಯೇಕ ಕೋಶವಿದೆ. ಮೂಲ ಕಡತದ ಪ್ರತಿಯೊಂದನ್ನು ಅಲ್ಲಿಟ್ಟು ತಿದ್ದಿದರೆ, ತಂತ್ರಾಂಶ ಮೂಲವನ್ನು ಬಿಟ್ಟು ಈ ಪ್ರತಿಯನ್ನೇ ಓದುತ್ತದೆ. ಹೊಸ ಆವೃತ್ತಿ ಬಂದರೂ ಈ ಪ್ರತಿ ಅಳಿಯುವುದಿಲ್ಲ. ಆದರೆ ಇದರಲ್ಲಿಯೂ ಒಂದು ಅಪಾಯ ಅಡಗಿದೆ. ಮೂಲ ಕಡತದಲ್ಲಿದ್ದ ಭದ್ರತೆಯ ಲೋಪವೊಂದನ್ನು ಹೊಸ ಆವೃತ್ತಿ ಸರಿಪಡಿಸಿದರೂ, ಕಸ್ಟಮ್ ಕೋಶದ ಹಳೆಯ ಪ್ರತಿ ಅದನ್ನು ಮರೆಮಾಡಿ ಹಳೆಯ ಲೋಪವನ್ನೇ ಮುಂದುವರಿಸುತ್ತದೆ. ಹತ್ತು ಸಾಲುಗಳ ಸಲುವಾಗಿ ಇಡೀ ಕಡತದ ಹೊಣೆಯನ್ನು ತಲೆಯ ಮೇಲೆ ಹೊತ್ತಂತೆಯೇ ಸರಿ.

ಉತ್ತಮವಾದ ದಾರಿ ಬೇರೆಯೇ ಇತ್ತು. ಟಿಕೆಟ್ ಹುಟ್ಟಿದಾಗ, ಒಂದು ಸಾಲಿನಿಂದ ಇನ್ನೊಂದಕ್ಕೆ ಹೋದಾಗ, ಅದಕ್ಕೆ ಉತ್ತರ ಸೇರಿದಾಗ ತಂತ್ರಾಂಶ ತಾನಾಗಿಯೇ ಸೂಚನೆ ಹೊರಡಿಸುತ್ತದೆ. ಆ ಸೂಚನೆಗೆ ಕಿವಿಗೊಡುವ ಸಣ್ಣ ಮಾಡ್ಯೂಲನ್ನು ಹೊರಗೇ ಬರೆದು, ಅದರ ಹೆಸರನ್ನು ಸಂರಚನೆಯಲ್ಲಿ ನಮೂದಿಸಿದರೆ ಸಾಕು. ಮೂಲದ ಒಂದಕ್ಷರವನ್ನೂ ಮುಟ್ಟಬೇಕಾಗಿಲ್ಲ. ತರುಣ ಹೀಗೆಯೇ ಮಾಡಿದ. ಹಳೆಯ ಮನೆಗೆ ಕೋಣೆಯೊಂದನ್ನು ಸೇರಿಸುವ ಬಲ್ಲಿದ ಗೌಂಡಿ ಭಾರ ಹೊತ್ತ ಗೋಡೆಯನ್ನು ಒಡೆಯುವುದಿಲ್ಲ. ಇದ್ದ ಬಾಗಿಲನ್ನೇ ಬಳಸಿಕೊಂಡು ಪಕ್ಕದಲ್ಲಿ ಕಟ್ಟುತ್ತಾನೆ.

ಅವನು ಅಷ್ಟಕ್ಕೇ ನಿಲ್ಲದೆ ಆ ಮಾಡ್ಯೂಲನ್ನು ಒಂದು ಪೊಟ್ಟಣವಾಗಿ ಕಟ್ಟಿದ. ಓಟಿಆರ್‌ಎಸ್‌ನ ಪೊಟ್ಟಣದಲ್ಲಿ ಮಾಡ್ಯೂಲಿನ ಹೆಸರು, ಅದರ ಆವೃತ್ತಿ, ಅದರಲ್ಲಿರುವ ಕಡತಗಳ ಪಟ್ಟಿ, ತಂತ್ರಾಂಶದ ಯಾವ ಆವೃತ್ತಿಗೆ ಅದು ಹೊಂದುತ್ತದೆ ಎಂಬ ವಿವರ, ಇವೆಲ್ಲ ಇರಬೇಕು. 5ನೇ ಆವೃತ್ತಿಗೆಂದು ಬರೆದುದನ್ನು 6ನೇ ಆವೃತ್ತಿಯಲ್ಲಿ ಸ್ಥಾಪಿಸಹೊರಟರೆ ತಂತ್ರಾಂಶ ಒಪ್ಪದೆ ಕಾರಣವನ್ನು ತಿಳಿಸುತ್ತದೆ. ಈ ನಿರಾಕರಣೆ ಕೆಲಸಗಾರನಿಗೆ ಕಿರಿಕಿರಿಯೆನಿಸಬಹುದು. ಆದರೆ ಸದ್ದಿಲ್ಲದೆ ಕೆಟ್ಟು ಒಂಬತ್ತು ದಿನ ಮಕ್ಕಳಿಗೆ ಹುಳುಬಿದ್ದ ನೀರು ಕುಡಿಸುವ ವ್ಯವಸ್ಥೆಗಿಂತ, ಬಾಯಿಬಿಟ್ಟು ಹೇಳಿ ನಿಲ್ಲುವ ವ್ಯವಸ್ಥೆ ಎಷ್ಟೋ ಪಾಲು ಮೇಲು.

ಈ ಕ್ರಮದ ಬೆಲೆ ಏನೆಂಬುದನ್ನು ಮುಂದಿನ ಘಟನೆಯೊಂದು ಜಗತ್ತಿಗೇ ತೋರಿಸಿತು. 2020ರ ಡಿಸೆಂಬರಿನಲ್ಲಿ ಓಟಿಆರ್‌ಎಸ್ ಕಂಪನಿ ತನ್ನ ಮುಕ್ತ ಆವೃತ್ತಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಅದನ್ನೇ ನಂಬಿದ್ದ ಸಂಸ್ಥೆಗಳಿಗೆ ದಿಗಿಲಾಯಿತು. ಆದರೆ ಮೂಲಸಂಕೇತ ಸಾರ್ವಜನಿಕರ ಕೈಯಲ್ಲಿದ್ದುದರಿಂದ ತಂತ್ರಾಂಶ ಅಳಿಯಲಿಲ್ಲ. 6ನೇ ಆವೃತ್ತಿಯ ಬುಡದಿಂದಲೇ ಓಟೊಬೊ, ಝ್ನೂನಿ ಎಂಬ ಎರಡು ಕವಲುಗಳು ಒಡೆದು ಬೆಳೆದವು. ತಮ್ಮ ಸೇರ್ಪಡೆಗಳನ್ನು ಪ್ರತ್ಯೇಕ ಪೊಟ್ಟಣಗಳಲ್ಲಿ ಇಟ್ಟುಕೊಂಡವರು, ಅಗತ್ಯವಾದಷ್ಟನ್ನು ಮಾತ್ರ ತಿದ್ದಿ, ಕವಲಿನ ಕಡೆಗೆ ಸಾಗಿದರು. ಮೂಲವನ್ನೇ ಕೊರೆದವರಾದರೋ ತಾವು ಎಲ್ಲೆಲ್ಲಿ ಏನು ಬರೆದಿದ್ದೆವೆಂದು ಸಾಲುಸಾಲಾಗಿ ಹುಡುಕಬೇಕಾದ ಸ್ಥಿತಿಗೆ ಬಂದರು.

ಮಾಡ್ಯೂಲ್ ಬರೆಯುವ ಮುನ್ನ ಅದು ಬೇಕೇ ಎಂದು ಕೇಳಿಕೊಳ್ಳುವುದೂ ಅಷ್ಟೇ ಮುಖ್ಯ. ಕೋಣೆಯ ಸಂಖ್ಯೆಗೆ ಒಂದು ಹೊಸ ಅಂಕಣ ಬೇಕಾದರೆ ತಂತ್ರಾಂಶದಲ್ಲಿಯೇ ಅದಕ್ಕೆ ಅವಕಾಶವಿದೆ. ಸಕಾಲಕ್ಕೆ ಉತ್ತರಿಸದ ದೂರನ್ನು ಎತ್ತಿ ತೋರಿಸುವ ಏರ್ಪಾಡೂ ಇದೆ. ಇದ್ದುದನ್ನು ಓದಿ ತಿಳಿಯದೆ ಹೊಸದನ್ನು ಬರೆಯಹೋಗುವುದು ಉತ್ಸಾಹವೆನಿಸೀತು, ಸೇವೆಯೆನಿಸದು.

ಬರೆದವನು ಸಂಸ್ಥೆಯಲ್ಲಿ ಸದಾ ಇರುವುದಿಲ್ಲ. ಆ ತರುಣನೂ ಎರಡು ವರ್ಷಗಳ ಅನಂತರ ಬೇರೆ ಊರಿಗೆ ಹೋದ. ಹೋಗುವಾಗ ಪೊಟ್ಟಣದ ಜೊತೆಗೆ ನಾಲ್ಕು ಪುಟಗಳ ಟಿಪ್ಪಣಿಯನ್ನು ಬಿಟ್ಟಿದ್ದ: ಈ ಮಾಡ್ಯೂಲ್ ಏಕೆ ಹುಟ್ಟಿತು, ಯಾವ ಪಟ್ಟಿಯನ್ನು ಓದುತ್ತದೆ, ಆ ಪಟ್ಟಿ ಸಿಗದಿದ್ದರೆ ದೂರನ್ನು ಯಾರ ಹೆಸರಿಗೆ ಸೇರಿಸುತ್ತದೆ, ಆವೃತ್ತಿ ಬದಲಾಯಿಸಿದ ದಿನ ಯಾವ ಪ್ರಯೋಗ ಮಾಡಿ ನೋಡಬೇಕು ಎಂದು. ಕೊನೆಯ ಪ್ರಯೋಗ ಬಹು ಸಣ್ಣದು: ನಿಲಯದ ಒಂದು ಕೋಣೆಯ ಹೆಸರಿನಲ್ಲಿ ಸುಳ್ಳು ದೂರೊಂದನ್ನು ಕಳುಹಿಸಿ, ಅದು ನಿಲಯಪಾಲಕರಿಗೆ ತಲುಪಿತೇ ಎಂದು ಅವರನ್ನೇ ಹೋಗಿ ಕೇಳುವುದು.

ಕಟ್ಟಡ ಕಟ್ಟಿಸಿದವರ ಹೆಸರು ಶಿಲಾಫಲಕದಲ್ಲಿ ಉಳಿಯುತ್ತದೆ. ಅದನ್ನು ಗುಡಿಸಿ, ಸುಣ್ಣ ಬಳಿದು, ಮಾಳಿಗೆ ಸೋರದಂತೆ ನೋಡಿಕೊಂಡವರಿಗೆ ಫಲಕವಿಲ್ಲ. ಮುಕ್ತ ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲವೆಂದು ಸಂಸ್ಥೆಗಳು ಸಂತೋಷಪಡುವುದು ಸರಿಯೇ. ಆದರೆ ಅದನ್ನು ಓದಿ, ಕಾಯ್ದು, ಕಾಲಕಾಲಕ್ಕೆ ತಿದ್ದುವವನ ವೇತನಕ್ಕೂ ಬಿಡುವಿಗೂ ಆಯವ್ಯಯದಲ್ಲಿ ಒಂದು ಸಾಲು ಇರಲೇಬೇಕು. ಆ ಸಾಲು ಇಲ್ಲದೆಡೆ ಯಾವುದೋ ದೂರು ಇಂದೂ ಸಂಖ್ಯೆ ಪಡೆದು, ಹೊಣೆಗಾರನಿಲ್ಲದೆ ಕಾಯುತ್ತಿರುತ್ತದೆ.