ಕಾಗದದ ಮೇಲಿನ ಹದಿನೈದು ಮಂದಿ

ಆಟವನ್ನು ಆಡುವವರಿಗೆ ಬಿಡುವು ಎಂದರೆ ವಿಶ್ರಾಂತಿ. ನೋಡುವವರಿಗೆ ಮಾತ್ರ ಅದೊಂದು ವಿಚಿತ್ರವಾದ ಸಂಕಟ. ಆಟಗಾರನು ತನ್ನ ನೊಂದ ಮಂಡಿಗೆ ಎಣ್ಣೆ ತಿಕ್ಕಿಸಿಕೊಂಡು ಸುಖವಾಗಿ ಮಲಗುತ್ತಾನೆ. ಪ್ರೇಕ್ಷಕನಿಗೆ ನಿದ್ರೆ ಹತ್ತದು. ಕಳೆದ ಶನಿವಾರದ ಪಂದ್ಯ ಮುಗಿದಿದೆ. ಮುಂದಿನ ಪಂದ್ಯಕ್ಕೆ ಇನ್ನೂ ಹದಿನಾಲ್ಕು ದಿನಗಳಿವೆ. ಈ ನಡುವಣ ಬಯಲನ್ನು ದಾಟುವುದು ಹೇಗೆ? ಮನುಷ್ಯನು ಇದಕ್ಕೊಂದು ಉಪಾಯವನ್ನು ಬಹು ಹಿಂದೆಯೇ ಕಂಡುಕೊಂಡಿದ್ದಾನೆ. ಮೈದಾನದಲ್ಲಿ ಆಟವು ನಿಂತಾಗ ಅವನು ಕಾಗದದ ಮೇಲೆ ಆಟವನ್ನು ಹೂಡುತ್ತಾನೆ. ಒಂದು ತುಂಡು ಕಾಗದ, ಒಂದು ಮೊಂಡು ಪೆನ್ಸಿಲು, ಎದುರಿಗೆ ಯಾವುದನ್ನೂ ಒಪ್ಪದ ಒಬ್ಬ ಗೆಳೆಯ; ಇಷ್ಟಿದ್ದರೆ ಸಾಕು, ಆದರ್ಶ ತಂಡವೊಂದು ರೂಪುಗೊಳ್ಳತೊಡಗುತ್ತದೆ.

ಕನ್ನಡ ನಾಡಿನ ಹುಡುಗರು ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಕ್ರಿಕೆಟಿನ ಹನ್ನೊಂದು ಮಂದಿಯನ್ನು ಆರಿಸುವುದುಂಟು. ರಗ್ಬಿ ಆಟವು ಬೇರೂರಿದ ನಾಡುಗಳಲ್ಲಿ ಈ ಸಂಖ್ಯೆ ಹದಿನೈದಕ್ಕೇರುತ್ತದೆ. ರಗ್ಬಿಯು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಮುಂದೆ ಹೋಗಬೇಕಾದವನು ಹಿಂದಿರುವವನನ್ನು ನಂಬಬೇಕೆಂಬುದೇ ಈ ಆಟದ ಮೂಲಸೂತ್ರ.

ಯುರೋಪಿನಲ್ಲಿ ಈ ಆಟದ ದೊಡ್ಡ ಹಬ್ಬವು ಪ್ರತಿವರ್ಷ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಿ ನಡೆಯುತ್ತದೆ. ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸ್, ಐರ್ಲೆಂಡು, ಫ್ರಾನ್ಸ್, ಇಟಲಿ ಎಂಬ ಆರು ರಾಷ್ಟ್ರಗಳು ಪರಸ್ಪರ ಸೆಣಸುತ್ತವೆ. 1883ರಲ್ಲಿ ಮೊದಲ ನಾಲ್ಕು ತಂಡಗಳಿಂದ ಆರಂಭವಾದ ಈ ಸ್ಪರ್ಧೆಗೆ ಫ್ರಾನ್ಸ್ 1910ರಲ್ಲಿಯೂ ಇಟಲಿ 2000ದಲ್ಲಿಯೂ ಬಂದು ಸೇರಿದವು. ಇದರಲ್ಲಿ ಇಂಗ್ಲೆಂಡು ಮತ್ತು ಸ್ಕಾಟ್ಲೆಂಡುಗಳ ನಡುವಣ ಪಂದ್ಯದ ಗೆಲವಿಗೆ ದೊರೆಯುವ ಬಟ್ಟಲಿಗೆ ‘ಕಲ್ಕತ್ತಾ ಕಪ್’ ಎಂದು ಹೆಸರು. ಹಿಂದೆ ಕಲ್ಕತ್ತೆಯಲ್ಲಿದ್ದ ರಗ್ಬಿ ಸಂಘವೊಂದು ಮುಚ್ಚಿಹೋದಾಗ, ಅದರ ಸದಸ್ಯರು ಉಳಿದ ಹಣವನ್ನು ಬೆಳ್ಳಿಯ ರೂಪಾಯಿಗಳಲ್ಲಿ ಪಡೆದು, ಕರಗಿಸಿ ಮಾಡಿಸಿದ ಬಟ್ಟಲು ಅದು. ನಾಗರಹಾವುಗಳೇ ಅದರ ಹಿಡಿಕೆಗಳು; ಮುಚ್ಚಳದ ಮೇಲೆ ಒಂದು ಆನೆ. 1879ರಿಂದ ಆ ಎರಡು ನಾಡುಗಳು ಭಾರತದ ರೂಪಾಯಿಗಾಗಿ ಸೆಣಸುತ್ತಿವೆಯೆಂದರೆ ತಪ್ಪಾಗಲಾರದು.

ಈ ಹಬ್ಬದ ಐದು ಸುತ್ತುಗಳ ನಡುವೆ ಪಂದ್ಯವಿಲ್ಲದ ವಾರವೂ ಬರುತ್ತದೆ. ಬಿತ್ತದೆ ಬಿಟ್ಟ ಹೊಲದಂತೆ ಖಾಲಿಯಾಗಿರುವ ಆ ವಾರದಲ್ಲಿಯೇ ಕಾಗದದ ಬೇಸಾಯವು ಹುಲುಸಾಗಿ ನಡೆಯುವುದು. ವೇಲ್ಸಿನ ಕಣಿವೆಯ ಊರಿನಲ್ಲಿ, ಹೊರಗೆ ಚಳಿಮಳೆ ಹಿಡಿದಿರುವಾಗ, ಒಳಗೆ ಬೆಂಕಿಯ ಬಳಿ ಕುಳಿತವರು ಒಂದರಿಂದ ಹದಿನೈದರವರೆಗೆ ಅಂಕಿಗಳನ್ನು ಬರೆದುಕೊಳ್ಳುತ್ತಾರೆ. ಮೊದಲಿನ ಎಂಟು ಅಂಕಿಗಳು ದಷ್ಟಪುಷ್ಟರಾದ ಮುಂಚೂಣಿಯವರಿಗೆ. ಹೆಗಲಿಗೆ ಹೆಗಲು ಕೊಟ್ಟು ಎದುರಾಳಿಗಳನ್ನು ನೂಕಿ ಚೆಂಡನ್ನು ಸಂಪಾದಿಸುವುದು ಅವರ ಕೆಲಸ. ಉಳಿದ ಏಳು ಅಂಕಿಗಳು ಹಿಂಚೂಣಿಯವರಿಗೆ. ಸಂಪಾದಿಸಿದ್ದನ್ನು ಸೊಗಸಾಗಿ ಖರ್ಚು ಮಾಡುವುದು ಅವರ ಕೆಲಸ. ನಡುವೆ ನಿಂತ ಒಂಬತ್ತನೆಯವನು ಸ್ಕ್ರಮ್-ಹಾಫ್. ಅವನಿಂದ ಚೆಂಡನ್ನು ಪಡೆದು ಆಟದ ದಿಕ್ಕನ್ನು ನಿರ್ಣಯಿಸುವ ಹತ್ತನೆಯವನು ಫ್ಲೈ-ಹಾಫ್. ಎಲ್ಲರ ಹಿಂದೆ ಮನೆಯ ಹಿರಿಯನಂತೆ ಕಾವಲು ನಿಂತ ಹದಿನೈದನೆಯವನು ಫುಲ್-ಬ್ಯಾಕ್.

ಈ ಆಟಕ್ಕೆ ಮೈಯಲ್ಲಿ ಬಲ ಬೇಕಾಗಿಲ್ಲ, ವಯಸ್ಸಿನ ಕಟ್ಟಳೆಯಿಲ್ಲ. ಚೆಂಡನ್ನು ಒಮ್ಮೆಯೂ ಮುಟ್ಟದವನೂ ಇಲ್ಲಿ ಆಯ್ಕೆ ಸಮಿತಿಯ ಅಧ್ಯಕ್ಷನೇ. ಮನೆಯಲ್ಲಿ ಪಲ್ಯಕ್ಕೆ ಯಾವ ಕಾಯಿ ಎಂಬುದನ್ನು ನಿರ್ಧರಿಸುವ ಅಧಿಕಾರವಿಲ್ಲದ ಗೃಹಸ್ಥನು ರಾಷ್ಟ್ರದ ನಾಯಕನನ್ನು ಒಂದು ಗೀಟಿನಿಂದ ಕೆಳಗಿಳಿಸುತ್ತಾನೆ. ಕಾಲವೂ ಈ ಕಾಗದಕ್ಕೆ ತಲೆಬಾಗುತ್ತದೆ. ಅಜ್ಜನು ಕಂಡ ವೀರನೂ ಮೊಮ್ಮಗನು ಕಂಡ ವೀರನೂ ಅಲ್ಲಿ ಒಂದೇ ವಯಸ್ಸಿನವರಾಗಿ ಅಕ್ಕಪಕ್ಕದಲ್ಲಿ ನಿಲ್ಲುತ್ತಾರೆ. ಸತ್ತವರು ಎದ್ದುಬರುತ್ತಾರೆ, ಮುರಿದ ಕಾಲುಗಳು ಕೂಡಿಕೊಳ್ಳುತ್ತವೆ.

ವೇಲ್ಸಿನ ಸಾರ್ವಕಾಲಿಕ ತಂಡವನ್ನು ಆರಿಸಹೊರಟವರಿಗೆ ಒಂಬತ್ತನೆಯ ಸ್ಥಾನವು ಬಹುಮಟ್ಟಿಗೆ ಸುಲಭ. 1967ರಿಂದ 1978ರವರೆಗೆ ಒಂದೂ ತಪ್ಪದಂತೆ 53 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದ ಗ್ಯಾರೆತ್ ಎಡ್ವರ್ಡ್ಸ್ ಅವರ ಹೆಸರನ್ನು ಬರೆದು ಮುಂದೆ ಹೋಗುತ್ತಾರೆ. ಹದಿನೈದಕ್ಕೆ ಜೆ. ಪಿ. ಆರ್. ವಿಲಿಯಮ್ಸ್, ಮೈದಾನದಲ್ಲಿ ಎದುರಾಳಿಗಳನ್ನು ನಿರ್ಭಯವಾಗಿ ಕೆಡವುತ್ತಿದ್ದ ಅವರು ವೃತ್ತಿಯಿಂದ ಮೂಳೆಯ ವೈದ್ಯರಾದದ್ದು ಒಂದು ವಿನೋದ. ಕಷ್ಟವಿರುವುದು ಹತ್ತನೆಯ ಸ್ಥಾನದಲ್ಲಿ. ಬ್ಯಾರಿ ಜಾನ್ ಅವರೋ, ಫಿಲ್ ಬೆನೆಟ್ ಅವರೋ? ಬ್ಯಾರಿ ಜಾನ್ ಓಡಿದರೆ ಗಾಳಿಯಲ್ಲಿ ತೇಲಿದಂತಿತ್ತು ಎಂದು ಒಂದು ಪಕ್ಷದವರು ಹೇಳುತ್ತಾರೆ. ಆದರೆ ಅವರು 1972ರಲ್ಲಿ, ಇಪ್ಪತ್ತೇಳನೆಯ ವಯಸ್ಸಿಗೇ, ಕೀರ್ತಿಯ ಭಾರವನ್ನು ತಾಳಲಾರದೆ ಆಟವನ್ನು ಬಿಟ್ಟರು. ಅವರಿದ್ದಷ್ಟು ಕಾಲ ಬೇರೆಬೇರೆ ಸ್ಥಾನಗಳಲ್ಲಿ ನಿಂತು ಸರದಿಯನ್ನು ಕಾದ ಬೆನೆಟ್ ಆಮೇಲೆ ಆ ಅಂಗಿಯನ್ನು ತೊಟ್ಟರು. 1973ರಲ್ಲಿ ಕಾರ್ಡಿಫ್ ನಗರದಲ್ಲಿ ನ್ಯೂಜಿಲೆಂಡಿನ ವಿರುದ್ಧ ಬಾರ್ಬೇರಿಯನ್ಸ್ ಎಂಬ ಆಹ್ವಾನಿತರ ತಂಡದ ಪರವಾಗಿ ಆಡುವಾಗ, ಅವರು ತಮ್ಮ ಗೆರೆಯ ಬಳಿಯಿಂದಲೇ ಒಬ್ಬರ ಮೇಲೊಬ್ಬರಂತೆ ಎದುರಾಳಿಗಳನ್ನು ನುಸುಳಿ ಆರಂಭಿಸಿದ ದಾಳಿಯನ್ನು ಕೊನೆಗೆ ಎಡ್ವರ್ಡ್ಸ್ ಮುಗಿಸಿದ ಪರಿಯನ್ನು ಜನ ಇಂದಿಗೂ ಮರೆತಿಲ್ಲ. ಇನ್ನೊಂದು ಪಕ್ಷದವರು ಅದನ್ನೇ ಹಿಡಿದು ವಾದಿಸುತ್ತಾರೆ. ರಾತ್ರಿ ಮುಗಿದರೂ ವಾದ ಮುಗಿಯದು.

ಈ ವಾದದಲ್ಲಿ ಸಮಯವು ವ್ಯರ್ಥವಾಯಿತೆಂದು ತಿಳಿಯಬೇಕಾಗಿಲ್ಲ. ತನ್ನ ಊರಿನವನೆಂಬ ಮಾತ್ರಕ್ಕೆ ಒಬ್ಬನನ್ನು ಸೇರಿಸಿದವನಿಗೆ ಎದುರಿನ ಗೆಳೆಯನು “ಕಾರಣ ಹೇಳು” ಎನ್ನುತ್ತಾನೆ. ಕಾರಣವನ್ನು ಹುಡುಕಹೊರಟಾಗ ಅಭಿಮಾನವು ಒಂದು ಹೆಜ್ಜೆ ಹಿಂದೆ ಸರಿದು ವಿವೇಕಕ್ಕೆ ದಾರಿ ಬಿಡುತ್ತದೆ. ಮತ್ತೊಂದು ಸತ್ಯವೂ ಪೆನ್ಸಿಲಿನ ತುದಿಯಲ್ಲಿ ಹೊಳೆಯುತ್ತದೆ: ಹದಿನೈದು ಮಂದಿ ಶ್ರೇಷ್ಠರನ್ನು ಕೂಡಿಸಿದ ಮಾತ್ರಕ್ಕೆ ಶ್ರೇಷ್ಠವಾದ ತಂಡವಾಗುವುದಿಲ್ಲ. ಹತ್ತು ಮಂದಿ ದೊರೆಗಳಿರುವ ಊರಿನಲ್ಲಿ ಪಲ್ಲಕ್ಕಿಯನ್ನು ಹೊರುವವರು ಯಾರು?

ಈ ಸತ್ಯಕ್ಕೆ ನಿದರ್ಶನವಾಗಿ 1971ರಲ್ಲಿ ನ್ಯೂಜಿಲೆಂಡಿಗೆ ಹೋದ ಲಯನ್ಸ್ ತಂಡವನ್ನು ನೋಡಬಹುದು. ಇಂಗ್ಲೆಂಡು, ಸ್ಕಾಟ್ಲೆಂಡು, ವೇಲ್ಸ್, ಐರ್ಲೆಂಡುಗಳ ಆಟಗಾರರನ್ನು ಆರಿಸಿ ಕಟ್ಟುವ ಆ ತಂಡವು ಕಾಗದದ ಕನಸಿಗೆ ಕೈಕಾಲು ಬಂದಂತೆ. ಅದರ ತರಬೇತುದಾರರಾದ ಕಾರ್ವಿನ್ ಜೇಮ್ಸ್ ವೇಲ್ಸ್ ಭಾಷೆಯ ಅಧ್ಯಾಪಕರಾಗಿದ್ದವರು. ಐರ್ಲೆಂಡಿನ ಮೈಕ್ ಗಿಬ್ಸನ್ ಫ್ಲೈ-ಹಾಫ್ ಸ್ಥಾನದಲ್ಲಿ ಹೆಸರು ಮಾಡಿದವರಾದರೂ, ಅಲ್ಲಿ ಬ್ಯಾರಿ ಜಾನ್ ಇದ್ದುದರಿಂದ, ಸೆಂಟರ್ ಸ್ಥಾನದಲ್ಲಿ ನಿಂತು ಅಷ್ಟೇ ಸೊಗಸಾಗಿ ಆಡಿದರು. ನಾಲ್ಕು ಟೆಸ್ಟ್ ಪಂದ್ಯಗಳಲ್ಲಿ ಎರಡನ್ನು ಗೆದ್ದು, ಒಂದನ್ನು ಸೋತು, ಒಂದನ್ನು ಸಮ ಮಾಡಿಕೊಂಡ ಲಯನ್ಸ್ ತಂಡಕ್ಕೆ ಆ ನಾಡಿನಲ್ಲಿ ದೊರೆತ ಒಂದೇ ಒಂದು ಸರಣಿ ವಿಜಯ ಅದು. ಸ್ಥಾನವನ್ನು ಬಿಟ್ಟುಕೊಡಬಲ್ಲವರೂ ಇದ್ದಾಗಲೇ ತಂಡವು ತಂಡವಾಗುತ್ತದೆ.

ಹೀಗೆ ನಗುನಗುತ್ತ ಸಾಗುವ ಪೆನ್ಸಿಲು ಕೆಲವು ನಾಡುಗಳ ಪಟ್ಟಿಯನ್ನು ಬರೆಯುವಾಗ ತಟ್ಟನೆ ನಿಲ್ಲುತ್ತದೆ. ನ್ಯೂಜಿಲೆಂಡಿನ ಹಳೆಯ ತಂಡಗಳಿಂದ ಆರಿಸುವವರು ಹದಿನೈದನೆಯ ಸ್ಥಾನಕ್ಕೆ ಜಾರ್ಜ್ ನೇಪಿಯಾ ಎಂಬ ಹೆಸರನ್ನು ನೆನೆಯದಿರಲಾರರು. ಅವರು ಆ ನಾಡಿನ ಮೂಲನಿವಾಸಿಗಳಾದ ಮಾವೋರಿ ಜನಾಂಗದವರು. 1924ರಲ್ಲಿ ಹತ್ತೊಂಬತ್ತು ವರ್ಷದ ತರುಣರಾಗಿ ಪ್ರವಾಸ ಹೊರಟು, ಬ್ರಿಟನ್, ಐರ್ಲೆಂಡು, ಫ್ರಾನ್ಸ್‌ಗಳಲ್ಲಿ ತಂಡವು ಆಡಿದ ಮೂವತ್ತು ಪಂದ್ಯಗಳಲ್ಲಿಯೂ ಆಡಿದರು. ಮೂವತ್ತನ್ನೂ ತಂಡವು ಗೆದ್ದಿತು. ಜನ ಅದನ್ನು ‘ಅಜೇಯರು’ ಎಂದು ಕರೆದರು. ನಾಲ್ಕು ವರ್ಷಗಳ ತರುವಾಯ, 1928ರಲ್ಲಿ, ನ್ಯೂಜಿಲೆಂಡಿನ ತಂಡವು ದಕ್ಷಿಣ ಆಫ್ರಿಕಕ್ಕೆ ಹೊರಟಿತು. ಆ ಪಟ್ಟಿಯಲ್ಲಿ ನೇಪಿಯಾ ಅವರ ಹೆಸರಿರಲಿಲ್ಲ. ಅವರ ಕಾಲು ಕುಂದಿರಲಿಲ್ಲ, ಕೈ ಸೋತಿರಲಿಲ್ಲ. ದಕ್ಷಿಣ ಆಫ್ರಿಕದ ಬಿಳಿಯರು ಮಾವೋರಿಗಳೊಡನೆ ಆಡಲು ಒಪ್ಪುತ್ತಿರಲಿಲ್ಲ. ಆರಿಸುವವರು ಅತಿಥೇಯರ ಮನಸ್ಸನ್ನು ನೋಯಿಸಲು ಇಷ್ಟಪಡಲಿಲ್ಲ. ತಮ್ಮವರ ಮನಸ್ಸು ನೊಂದದ್ದು ಅವರಿಗೆ ಕಾಣಲಿಲ್ಲ. ಟೆಸ್ಟ್ ಸರಣಿಯು ಎರಡು ಎರಡರಿಂದ ಸಮವಾಯಿತು. ನೇಪಿಯಾ ಇದ್ದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆಗೆ ಯಾವ ಪೆನ್ಸಿಲೂ ಉತ್ತರ ಬರೆಯಲಾರದು.

ಮಾವೋರಿಗಳನ್ನು ಬಿಟ್ಟುಹೋಗುವ ಈ ಪದ್ಧತಿಯು 1949ರಲ್ಲಿಯೂ 1960ರಲ್ಲಿಯೂ ನಡೆಯಿತು. ಆದರೆ ಅಷ್ಟರಲ್ಲಿ ಕಾಗದದ ಮೇಲೆ ತಂಡ ಕಟ್ಟುತ್ತಿದ್ದ ಸಾಮಾನ್ಯ ಜನರೇ ಇನ್ನೊಂದು ಕಾಗದವನ್ನು ಕೈಗೆತ್ತಿಕೊಂಡಿದ್ದರು. ಮಾವೋರಿಗಳಿಲ್ಲದಿದ್ದರೆ ಪ್ರವಾಸವೂ ಬೇಡವೆಂಬ ಮನವಿಪತ್ರಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿ ರುಜು ಹಾಕಿದರು. ಆ ಸಲ ಅವರ ಮಾತು ನಡೆಯಲಿಲ್ಲ, ತಂಡವು ಹೊರಟೇಹೋಯಿತು. ಆದರೂ ಅನ್ಯಾಯವನ್ನು ಅನ್ಯಾಯವೆಂದು ಬರೆದಿಟ್ಟ ಕಾಗದವು ವ್ಯರ್ಥವಾಗಲಿಲ್ಲ. 1967ರಲ್ಲಿ ನಡೆಯಬೇಕಾಗಿದ್ದ ಪ್ರವಾಸವು ಇದೇ ಕಾರಣಕ್ಕೆ ರದ್ದಾಯಿತು. 1970ರಲ್ಲಿ ಮಾವೋರಿ ಆಟಗಾರರೂ ದಕ್ಷಿಣ ಆಫ್ರಿಕದ ನೆಲದ ಮೇಲೆ ಆಡಿದರು. ಅಲ್ಲಿನ ಆಡಳಿತವು ಅವರನ್ನು ‘ಗೌರವ ಬಿಳಿಯರು’ ಎಂದು ಕರೆದು ತನ್ನ ಮುಖವನ್ನು ಉಳಿಸಿಕೊಂಡಿತು. ಗೌರವದ ಹೆಸರಿನಲ್ಲಿ ಇಷ್ಟು ದೊಡ್ಡ ಅಗೌರವವನ್ನು ತೋರಲು ಸಾಧ್ಯವೆಂಬುದನ್ನು ಲೋಕವು ಆಗ ಕಂಡಿತು.

ದಕ್ಷಿಣ ಆಫ್ರಿಕದ ಸಾರ್ವಕಾಲಿಕ ತಂಡವನ್ನು ಆರಿಸುವವರ ಪಾಡು ಇನ್ನೂ ಕಠಿನವಾದುದು. ಆ ನಾಡಿನ ಬಿಳಿಯರಲ್ಲದವರು ಹತ್ತೊಂಬತ್ತನೆಯ ಶತಮಾನದಿಂದಲೇ ತಮ್ಮ ಬಡ ಮೈದಾನಗಳಲ್ಲಿ ರಗ್ಬಿಯನ್ನು ಪ್ರೀತಿಯಿಂದ ಆಡುತ್ತ ಬಂದವರು. ಆದರೆ ಅವರಲ್ಲೊಬ್ಬರಾದ ಎರೋಲ್ ಟೋಬಯಸ್ ರಾಷ್ಟ್ರದ ಪರವಾಗಿ ಮೊದಲ ಟೆಸ್ಟ್ ಆಡಿದ್ದು 1981ರಲ್ಲಿ. 1995ರಲ್ಲಿ ವಿಶ್ವಕಪ್ಪನ್ನು ಗೆದ್ದ ತಂಡದಲ್ಲಿ ಚೆಸ್ಟರ್ ವಿಲಿಯಮ್ಸ್ ಒಬ್ಬರೇ ಇದ್ದರು. ಅಂದು ರಾಷ್ಟ್ರಾಧ್ಯಕ್ಷ ನೆಲ್ಸನ್ ಮಂಡೇಲಾ ನಾಯಕನ ಆರನೆಯ ಅಂಕಿಯ ಅಂಗಿಯನ್ನೇ ತೊಟ್ಟು ಮೈದಾನಕ್ಕೆ ಬಂದರು. ಅದೇ ಆರನೆಯ ಅಂಕಿಯ ಅಂಗಿಯನ್ನು ತೊಟ್ಟ ಸಿಯಾ ಕೊಲಿಸಿ, ಝ್ವಿಡೆ ಎಂಬ ಬಡ ಬಡಾವಣೆಯಲ್ಲಿ ಬೆಳೆದವರು, ನಾಯಕರಾಗಿ 2019ರಲ್ಲಿಯೂ 2023ರಲ್ಲಿಯೂ ವಿಶ್ವಕಪ್ಪನ್ನು ಎತ್ತಿಹಿಡಿದರು. ಇಂದು ಅವರ ಹೆಸರನ್ನು ಬರೆಯಲು ಯಾರ ಕೈಯೂ ನಡುಗದು. ಆದರೆ ಅವರಿಗಿಂತ ಐವತ್ತು ವರ್ಷ ಮೊದಲು ಹುಟ್ಟಿ, ಅವರಷ್ಟೇ ಬಲಶಾಲಿಯಾಗಿದ್ದು, ಆರಿಸುವವರ ಕಣ್ಣಿಗೆ ಒಮ್ಮೆಯೂ ಬೀಳದೆ ಹೋದವನ ಹೆಸರನ್ನು ಬರೆಯುವವರು ಯಾರು? ಅವನ ಹೆಸರೇ ಗೊತ್ತಿಲ್ಲ. ಕಾಗದವು ಸತ್ತವರನ್ನು ಎಬ್ಬಿಸಬಲ್ಲದು. ಆಡಲು ಬಿಡದವರನ್ನು ಎಬ್ಬಿಸಲಾರದು.

ಆದುದರಿಂದ ಆರಿಸುವುದೆಂಬುದು ಮೇಲುನೋಟಕ್ಕೆ ಕಾಣುವಷ್ಟು ಹಗುರವಾದ ಕೆಲಸವಲ್ಲ. ಒಂದು ಹೆಸರನ್ನು ಬರೆದಾಗ ಇನ್ನೊಂದನ್ನು ಬಿಟ್ಟಂತಾಗುತ್ತದೆ. ಬಿಟ್ಟದ್ದು ಆಟದ ಗುಣವನ್ನು ತೂಗಿನೋಡಿಯಾದರೆ ಬಿಟ್ಟುಹೋದವನೂ ಒಂದು ದಿನ ಅದನ್ನು ಒಪ್ಪಿಯಾನು. ಫಿಲ್ ಬೆನೆಟ್ ಕಾದಂತೆ ತನ್ನ ಸರದಿಗಾಗಿ ಕಾದಾನು. ಬಣ್ಣವನ್ನೋ ಕುಲವನ್ನೋ ನೋಡಿಯಾದರೆ ಅವನಿಗೆ ಸರದಿಯೆಂಬುದೇ ಇಲ್ಲ. ಬಿಡುವಿನ ವಾರದ ಪಟ್ಟಿಯಲ್ಲಾದ ತಪ್ಪನ್ನು ರಬ್ಬರಿನಿಂದ ಅಳಿಸಬಹುದು. ನಿಜವಾದ ಪಟ್ಟಿಯಲ್ಲಾದ ತಪ್ಪನ್ನು ಆ ಕಾಲದೊಳಗೇ ತಿದ್ದಬೇಕು. ಆಟಗಾರನ ಪ್ರಾಯವು ಯಾರಿಗಾಗಿಯೂ ಕಾಯುವುದಿಲ್ಲ.

ವಾರ ಕಳೆಯುತ್ತದೆ. ನಿಜವಾದ ತಂಡಗಳ ಹೆಸರುಗಳು ಪ್ರಕಟವಾಗುತ್ತವೆ. ಅವುಗಳಲ್ಲಿ ಅರ್ಧದಷ್ಟು ಹೆಸರುಗಳು ಬೆಂಕಿಯ ಬಳಿ ಕುಳಿತವರಿಗೆ ಸಮ್ಮತವಾಗುವುದಿಲ್ಲ. ಆರಿಸಿದವರಿಗೆ ಕಣ್ಣಿಲ್ಲವೆಂದು ಅವರು ಗೊಣಗುತ್ತಾರೆ. ಆ ಗೊಣಗಾಟವು ನಿಲ್ಲದಿರಲಿ. ಶನಿವಾರ ಮಧ್ಯಾಹ್ನ ಶಿಳ್ಳೆಯು ಕೇಳಿಸಿದೊಡನೆ ಎಲ್ಲರೂ ವಾದವನ್ನು ಮರೆತು ಎದ್ದು ನಿಲ್ಲುತ್ತಾರೆ. ತಾವು ಬಿಟ್ಟಿದ್ದ ಆಟಗಾರನೇ ಚೆಂಡನ್ನು ಹಿಡಿದು ಓಡಿದರೂ ಗಂಟಲು ಬಿರಿಯುವಂತೆ ಕೂಗುತ್ತಾರೆ.