ಸೀಮೆಸುಣ್ಣದ ಗುಡ್ಡದ ದ್ರಾಕ್ಷಿ

ದ್ರಾಕ್ಷಿಯ ವಿಷಯದಲ್ಲಿ ನಮ್ಮ ಮಧ್ಯಮವರ್ಗದ ಸಂಸಾರಗಳು ತಳೆದಿರುವ ನಿಲುವು ಬಹಳ ವಿಚಿತ್ರವಾದುದು. ಹಣ್ಣಾಗಿ ಬಂದರೆ ಅದು ದೇವರ ನೈವೇದ್ಯಕ್ಕೆ ಯೋಗ್ಯ. ಒಣಗಿ ಬಂದರೆ ಪಾಯಸಕ್ಕೆ ಭೂಷಣ. ಧಾತಕೀ ಪುಷ್ಪದೊಡನೆ ಹುದುಗಿ, ದ್ರಾಕ್ಷಾಸವವೆಂಬ ಹೆಸರು ಹೊತ್ತು, ಪಂಡಿತರ ಔಷಧಾಲಯದಿಂದ ಸೀಸೆಯಲ್ಲಿ ಬಂದರೆ ಮನೆಯ ಹಿರಿಯರಿಗೆ ಊಟವಾದ ಮೇಲೆ ಎರಡು ಚಮಚ. ಆ ಸೀಸೆಯಲ್ಲಿಯೂ ತಾನಾಗಿಯೇ ಹುಟ್ಟಿದ ಮದ್ಯಸಾರ ಶೇಕಡ 5ರಿಂದ 10ರವರೆಗೆ ಇರುವುದುಂಟು; ಆದರೆ ಅದರ ಚೀಟಿಯನ್ನು ಓದುವವರು ಯಾರು? ಅದೇ ಹಣ್ಣಿನ ರಸ ಬೇರೊಂದು ಹೆಸರಿನಿಂದ ಗಾಜಿನ ಬಟ್ಟಲಿನಲ್ಲಿ ಎದುರಿಗೆ ಬಂದಾಗ ಮಾತ್ರ ಮನೆತನದ ಮರ್ಯಾದೆಯ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಯನ್ನು ಬಾಳಿನುದ್ದಕ್ಕೂ ಮಾರು ದೂರದಲ್ಲಿಟ್ಟಿದ್ದವರು ಚಿಕ್ಕಬಳ್ಳಾಪುರದ ಕಡೆಯ ಒಬ್ಬ ನಿವೃತ್ತ ಹೆಡ್‌ಮಾಸ್ತರರು. ಮೇಷ್ಟ್ರ ಸಂಕಲ್ಪ ಶಾಸ್ತ್ರಗ್ರಂಥಗಳಿಂದ ಬಂದುದಲ್ಲ. ಸ್ವಂತ ಮನೆಯ ಕಥೆಯಿಂದ ಬಂದುದು. ಅವರ ತಂದೆಯವರಿಗೆ ಎರಡೆಕರೆ ದ್ರಾಕ್ಷಿ ಚಪ್ಪರವಿತ್ತು. ಒಂದು ಚೈತ್ರಮಾಸದ ಸಂಜೆ ಅರ್ಧ ಗಂಟೆ ಸುರಿದ ಆಲಿಕಲ್ಲಿನ ಮಳೆ, ಕೊಯ್ಲಿಗೆ ಬಂದಿದ್ದ ಗೊಂಚಲುಗಳನ್ನೆಲ್ಲ ನೆಲಕ್ಕೆ ಕೆಡವಿತು. ಸಾಲ ಬೆಳೆಯಿತು, ಅಣ್ಣನವರು ಸಾರಾಯಿ ಅಂಗಡಿಯ ದಾರಿ ಹಿಡಿದರು, ನಲವತ್ತು ತುಂಬುವ ಮೊದಲೇ ಕಣ್ಣುಮುಚ್ಚಿದರು. ತೋಟ ಪರರ ಪಾಲಾಯಿತು. 2007ರ ಜುಲೈ ತಿಂಗಳಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದ ದಿನ ಮೇಷ್ಟ್ರು ಅತ್ತಿಗೆಯ ಮನೆಗೆ ಹೋಗಿ, ಒಂದು ಮಾತನ್ನೂ ಆಡದೆ ಒಂದು ಗಂಟೆ ಕುಳಿತು, ಎದ್ದು ಬಂದರಂತೆ.

ಇಂಥವರು ಇಂಗ್ಲೆಂಡಿನ ಹ್ಯಾಂಪ್‌ಷೈರ್ ಸೀಮೆಯಲ್ಲಿ ನೆಲೆಸಿರುವ ಮಗಳ ಮನೆಗೆ ಪತ್ನೀಸಮೇತರಾಗಿ ಹೋಗಿದ್ದರು. ಜುಲೈ ತಿಂಗಳ ಒಂದು ಶನಿವಾರ, ಸಮೀಪದ ದ್ರಾಕ್ಷಿ ತೋಟದಲ್ಲಿ ಬೇಸಿಗೆಯ ಊಟ-ಪಾನಗಳ ಸಂತೋಷಕೂಟವೆಂದು ಅಳಿಯ ಟಿಕೆಟುಗಳನ್ನು ಕೊಂಡುಬಿಟ್ಟಿದ್ದ. ಮಗಳು ಅಂಜುತ್ತಲೇ ವಿಷಯ ತಿಳಿಸಿದಳು: “ಅಪ್ಪಾ, ನೀವು ತೋಟ ನೋಡಿದರೆ ಸಾಕು. ಮಿಕ್ಕದ್ದು ಏನೂ ಬೇಡ.” ತೋಟವೆಂಬ ಮಾತು ಕಿವಿಗೆ ಬಿದ್ದದ್ದೇ ಮೇಷ್ಟ್ರು ಕೋಟು ತೊಟ್ಟು ಸಿದ್ಧರಾದರು.

ಮಂಜಿನ ನಾಡಾದ ಇಂಗ್ಲೆಂಡಿನಲ್ಲಿ ದ್ರಾಕ್ಷಿಯೇ ಎಂದು ವಾಚಕರು ಹುಬ್ಬೇರಿಸಬಹುದು. 1086ರಲ್ಲಿ ವಿಲಿಯಂ ದೊರೆ ಬರೆಸಿದ ಡೂಮ್ಸ್‌ಡೇ ದಫ್ತರದಲ್ಲಿಯೇ ಅಲ್ಲಿಯ 40ಕ್ಕೂ ಹೆಚ್ಚು ದ್ರಾಕ್ಷಿ ತೋಟಗಳ ಉಲ್ಲೇಖವಿದೆ. ಕಾಲಾಂತರದಲ್ಲಿ ಆ ಬೇಸಾಯ ಬಹುಮಟ್ಟಿಗೆ ಅಳಿದುಹೋಯಿತು. 1950ರ ದಶಕದ ಆದಿಯಲ್ಲಿ ಮೇಜರ್ ಜನರಲ್ ಸರ್ ಗೈ ಸಾಲ್ಸ್‌ಬರಿ-ಜೋನ್ಸ್ ಎಂಬ ನಿವೃತ್ತ ಸೇನಾಧಿಕಾರಿ ಇದೇ ಹ್ಯಾಂಪ್‌ಷೈರಿನ ಹ್ಯಾಂಬಲ್ಡನ್ ಗ್ರಾಮದಲ್ಲಿ ಬಳ್ಳಿಗಳನ್ನು ನೆಡಿಸಿ, ಅದಕ್ಕೆ ಪುನರ್ಜನ್ಮ ಕೊಟ್ಟರು. 1988ರಲ್ಲಿ ಅಮೆರಿಕದಿಂದ ಬಂದ ಸ್ಟೂವರ್ಟ್ ಮತ್ತು ಸ್ಯಾಂಡಿ ಮಾಸ್ ದಂಪತಿಗಳು ನೆರೆಯ ಪಶ್ಚಿಮ ಸಸೆಕ್ಸಿನ ನೈಟಿಂಬರಿನಲ್ಲಿ ಫ್ರಾನ್ಸಿನ ಷಾಂಪೇನ್ ಸೀಮೆಯ ತಳಿಗಳನ್ನೇ ನೆಟ್ಟು, ನೊರೆಯುಕ್ಕುವ ದ್ರಾಕ್ಷಾರಸಕ್ಕೆ ಈ ನೆಲ ಯೋಗ್ಯವೆಂದು ತೋರಿಸಿಕೊಟ್ಟರು. ರಹಸ್ಯವಿರುವುದು ನೆಲದಲ್ಲಿಯೇ. ದಕ್ಷಿಣ ಇಂಗ್ಲೆಂಡಿನ ಸೀಮೆಸುಣ್ಣದ ಪದರ ಕಡಲ್ಗಾಲುವೆಯ ಅಡಿಯಿಂದ ಹಾದು ಉತ್ತರ ಫ್ರಾನ್ಸಿನಲ್ಲಿ ಮತ್ತೆ ತಲೆಯೆತ್ತುತ್ತದೆ. ಹೆಚ್ಚಿನ ನೀರನ್ನು ಅದು ಇಂಗಿಸುತ್ತದೆ. ಬೇಸಿಗೆಗೆ ಬೇಕಾದಷ್ಟನ್ನು ತನ್ನೊಳಗೆ ಹೀರಿ ಇಟ್ಟುಕೊಳ್ಳುತ್ತದೆ.

ತೋಟಕ್ಕೆ ಕಾಲಿಟ್ಟ ಮೇಷ್ಟ್ರಿಗೆ ಮೊದಲು ಕಂಡದ್ದು ಚಪ್ಪರದ ಅಭಾವ. ನಮ್ಮಲ್ಲಿ ಬಳ್ಳಿ ತಲೆಯ ಮೇಲೆ ಹಬ್ಬಿ ನೆರಳು ಕೊಡುತ್ತದೆ. ಅಲ್ಲಿ ಶಾಲೆಯ ಮಕ್ಕಳಂತೆ ಸಾಲಾಗಿ, ತಂತಿಗಳ ನಡುವೆ ನೆಟ್ಟಗೆ ನಿಲ್ಲುತ್ತದೆ. ಎಲೆಯೆಲೆಗೂ ಬಿಸಿಲು ಸಿಕ್ಕಬೇಕಲ್ಲ! ನಮ್ಮ ಬೆಂಗಳೂರು ನೀಲಿ ದ್ರಾಕ್ಷಿ ಚಳಿಗಾಲದ ನಿದ್ರೆಯನ್ನೇ ಅರಿಯದು. ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ. ಅಲ್ಲಿಯ ಬಳ್ಳಿ ಎಲೆಯುದುರಿಸಿ ಚಳಿಗಾಲವೆಲ್ಲ ಮಲಗಿದ್ದು, ಒಂದೇ ಬೆಳೆಗಾಗಿ ಎಚ್ಚರಗೊಳ್ಳುತ್ತದೆ. ಆಗತಾನೇ ಹೂವುದುರಿ, ಕಾಯಿಗಳು ಮೆಣಸಿನ ಕಾಳಿನಷ್ಟಾಗಿದ್ದುವು. ಮೇಷ್ಟ್ರು ಬಗ್ಗಿ ಒಂದು ಬಿಳಿಯ ಹೆಂಟೆಯನ್ನು ಎತ್ತಿಕೊಂಡರು. ಮೂವತ್ತೈದು ವರ್ಷ ಕೈಗಂಟಿಕೊಂಡಿದ್ದ ಬಿಳುಪು ಮತ್ತೆ ಬೆರಳಿಗೆ ಬಂದಿತು.

ತೋಟದ ಒಡತಿ ಅತಿಥಿಗಳನ್ನು ಸಾಲುಗಳ ನಡುವೆ ಕರೆದೊಯ್ಯುತ್ತಾ ವಿವರಿಸತೊಡಗಿದಳು. ರಸ ಮೊದಲು ಪೀಪಾಯಿಯಲ್ಲಿ ಹುದುಗಿ, ಬಳಿಕ ಸಕ್ಕರೆ ಮತ್ತು ಕಿಣ್ವಗಳೊಡನೆ ಸೀಸೆಯೊಳಗೆ ಮತ್ತೊಮ್ಮೆ ಹುದುಗುತ್ತದೆ; ಆಗ ಸೀಸೆಯಲ್ಲಿ ಸಿಕ್ಕಿಬಿದ್ದ ಅನಿಲದ ಒತ್ತಡ ವಾತಾವರಣದ ಸುಮಾರು 6ರಷ್ಟಾಗುತ್ತದೆ. ರಸಕ್ಕೆ ಸಕ್ಕರೆ ಸೇರಿಸಿ ನೊರೆಯುಕ್ಕಿಸುವ ಪದ್ಧತಿಯನ್ನು ಕ್ರಿಸ್ಟಫರ್ ಮೆರೆಟ್ ಎಂಬ ಆಂಗ್ಲ ವಿದ್ವಾಂಸ 1662ರಲ್ಲಿಯೇ ಲಂಡನ್ನಿನ ರಾಯಲ್ ಸೊಸೈಟಿಗೆ ನಿವೇದಿಸಿದ್ದನೆಂದು ಆಕೆ ಹೆಮ್ಮೆಯಿಂದ ಹೇಳಿದಳು. ಅತಿಥಿಗಳು ತಲೆದೂಗಿದರು. ಮೇಷ್ಟ್ರು ಕೇಳಿದ್ದು ಬೇರೆಯೇ ಪ್ರಶ್ನೆ: “ಇಲ್ಲಿ ಆಲಿಕಲ್ಲು ಬೀಳುವುದುಂಟೆ?”

ಆಕೆಯ ಮುಖದ ನಗು ಒಂದಿಷ್ಟು ಮರೆಯಾಯಿತು. ಆಲಿಕಲ್ಲಿಗಿಂತ ತಮಗೆ ವಸಂತಕಾಲದ ಹಿಮವೇ ಹಗೆ ಎಂದಳು. ಏಪ್ರಿಲ್ ತಿಂಗಳಿನಲ್ಲಿ ಚಿಗುರೊಡೆದ ಮೇಲೆ ಒಂದು ರಾತ್ರಿ ಉಷ್ಣಮಾನ ಶೂನ್ಯಕ್ಕಿಂತ ಎರಡು ಮೂರು ಡಿಗ್ರಿ ಇಳಿದರೆ ಆ ವರ್ಷದ ಕಥೆ ಮುಗಿದಂತೆ. ಆದುದರಿಂದ ಸಾಲುಗಳ ನಡುವೆ ದೊಡ್ಡ ಡಬ್ಬಿಗಳಲ್ಲಿ ಮೇಣದ ದೀಪಗಳನ್ನು ನೂರಾರು ಇರಿಸಿ, ನಡುರಾತ್ರಿಯಲ್ಲಿ ಎದ್ದು ಹೊತ್ತಿಸುತ್ತಾರೆ. 2017ರ ಏಪ್ರಿಲಿನಲ್ಲಿ ದಕ್ಷಿಣ ಇಂಗ್ಲೆಂಡಿನ ತೋಟಗಳನ್ನು ಹಿಮ ಕಾಡಿತು. ಮರುವರ್ಷವೇ ದಾಖಲೆಯ ಫಸಲು ಬಂದಿತು. ನಡುವಿನ ಆ ಒಂದು ವರ್ಷ ಮನೆಯವರೆಲ್ಲ ಹೇಗೆ ಉಸಿರು ಹಿಡಿದಿದ್ದೆವೆಂಬುದನ್ನು ಹೇಳಲಾರೆನೆಂದು ಆಕೆ ಮಾತು ನಿಲ್ಲಿಸಿದಳು. ಮೇಷ್ಟ್ರು ಬಹಳ ಹೊತ್ತು ಆಕೆಯ ಕೈಗಳನ್ನೇ ನೋಡುತ್ತಿದ್ದರು. ಉಗುರುಗಳ ಸಂದಿಯಲ್ಲಿ ಮಣ್ಣಿತ್ತು.

ಮಧ್ಯಾಹ್ನ ಉದ್ದನೆಯ ಮೇಜುಗಳ ಮೇಲೆ ಊಟ. ಹ್ಯಾಂಪ್‌ಷೈರಿನ ತಿಳಿತೊರೆಗಳಲ್ಲಿ ಬೆಳೆಯುವ ವಾಟರ್‌ಕ್ರೆಸ್ ಸೊಪ್ಪಿನ ಸೂಪು, ಹೊಸ ಆಲೂಗಡ್ಡೆ, ಹಸಿ ಬಟಾಣಿ, ಗಿಣ್ಣು, ಕೆನೆಯಲ್ಲಿ ಅದ್ದಿದ ಸ್ಟ್ರಾಬೆರಿ. ಮೇಷ್ಟ್ರ ಪತ್ನಿ ಒಂದೊಂದನ್ನೂ ವಿಚಾರಣೆಗೆ ಗುರಿಪಡಿಸಿದರು. ಕೆಲವು ಚೀಸುಗಳನ್ನು ಕರುವಿನ ಜಠರದ ರಸದಿಂದ ಒಡೆಯಿಸುತ್ತಾರೆಂದು ಮಗಳಿಂದ ತಿಳಿದಿದ್ದ ಆಕೆ, ಸಸ್ಯಾಹಾರದ ಗುರುತುಳ್ಳದ್ದನ್ನು ಮಾತ್ರ ಮುಟ್ಟಿದರು. ದ್ರಾಕ್ಷಾರಸವನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿಯನ್ನೂ ಮೀನಿನ ಗಾಳಿಚೀಲದ ಅಂಟನ್ನೂ ಬಳಸುವುದುಂಟು, ಆದರೆ ಈ ತೋಟದಲ್ಲಿ ಒಂದು ಬಗೆಯ ಜೇಡಿಮಣ್ಣಿನಿಂದಲೇ ತಿಳಿಗೊಳಿಸುತ್ತಾರೆ ಎಂದು ಅಳಿಯ ಉತ್ಸಾಹದಿಂದ ವಿವರಿಸಿದ. “ಹಾಗಾದರೆ ಅದೊಂದು ದೋಷ ಕಡಿಮೆಯಾಯಿತು” ಎಂದರು ಅತ್ತೆ.

ಅಷ್ಟರಲ್ಲಿ ಬಡಿಸುವ ಹುಡುಗ ಮಗಳ ಬಟ್ಟಲಿನತ್ತ ಸೀಸೆಯನ್ನು ಬಾಗಿಸಿದ. ಅವಳು ಥಟ್ಟನೆ ಅಂಗೈಯಿಂದ ಬಟ್ಟಲಿನ ಬಾಯಿ ಮುಚ್ಚಿದಳು. ಹುಡುಗ ನಕ್ಕು, ಕಳೆದ ಬಾರಿ ಇದನ್ನೇ ಬಹುವಾಗಿ ಮೆಚ್ಚಿದ್ದಿರಲ್ಲ ಎಂದ. ಮೇಜಿನ ಸುತ್ತ ಮಾತು ನಿಂತಿತು. ತಾಯಿ ತಟ್ಟೆಯನ್ನು ನೋಡಿದರು. ಅಳಿಯ ಗುಡ್ಡವನ್ನು ನೋಡಿದ.

ಮೇಷ್ಟ್ರು ಕರವಸ್ತ್ರದಿಂದ ಬೆರಳಿನ ಸುಣ್ಣವನ್ನು ನಿಧಾನವಾಗಿ ಒರೆಸಿಕೊಂಡರು.

“ಕೈ ತೆಗೆ, ಮಗು. ನನ್ನ ಎದುರಿಗೊಂದು, ಬೆನ್ನ ಹಿಂದೊಂದು ಬೇಡ. ನಿಮ್ಮ ದೊಡ್ಡಪ್ಪ ಕುಡಿಯುವುದು ನಮ್ಮ ತಾಯಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮರ್ಯಾದೆಗಂಜಿ ನಾಲ್ಕು ವರ್ಷ ಎಲ್ಲರೂ ಬಾಯಿ ಮುಚ್ಚಿಕೊಂಡಿದ್ದೆವು. ಬಾಯಿಬಿಟ್ಟು ಕೇಳುವ ಹೊತ್ತಿಗೆ ಕಾಲ ಮೀರಿತ್ತು. ನಿನ್ನ ಅಳತೆ ನಿನಗೆ ಗೊತ್ತಿದೆಯೇ?”

“ಗೊತ್ತಿದೆ, ಅಪ್ಪಾ.”

“ಹಾಗಿದ್ದರೆ ಸರಿ. ನನಗೆ ಬೇಡ, ಎಂದಿಗೂ ಬೇಡ. ನನಗೆ ಆ ಹೂವಿನ ಪಾನಕ ಕೊಡಿಸು.”

ಎಲ್ಡರ್ ಹೂವಿನ ಪಾನಕ ಬಂದಿತು. ಮಗಳು ತನ್ನ ಬಟ್ಟಲಿನಿಂದ ಎರಡು ಗುಟುಕು ಕುಡಿದು ಕೆಳಗಿಟ್ಟಳು. ಸಂಕೋಚವೋ, ಸಾಕೆನಿಸಿತೋ, ಯಾರೂ ವಿಚಾರಿಸಲಿಲ್ಲ. ಆ ನಾಡಿನ ಬೇಸಿಗೆಯ ಹಗಲು ರಾತ್ರಿ ಒಂಬತ್ತರವರೆಗೂ ಮುಗಿಯುವುದಿಲ್ಲ. ಆ ದೀರ್ಘ ಬೆಳಕಿನಲ್ಲಿ ತಂದೆ ಮಗಳಿಬ್ಬರೂ ಮತ್ತೊಮ್ಮೆ ಸಾಲುಗಳ ನಡುವೆ ನಡೆದರು. ಎರಡೆಕರೆ ಚಪ್ಪರದ ಕಥೆಯನ್ನು ಅವಳು ಆದ್ಯಂತವಾಗಿ ಕೇಳಿದ್ದು ಅದೇ ಮೊದಲು.

ಮೇಷ್ಟ್ರು ಊರಿಗೆ ಮರಳಿದರು. ಅವರ ಸಂಕಲ್ಪ ಎಳ್ಳಷ್ಟೂ ಸಡಿಲವಾಗಿಲ್ಲ. ದ್ರಾಕ್ಷಾಸವದ ಸೀಸೆಯ ಚೀಟಿಯನ್ನು ಓದಿದ ಮೇಲೆ ಅದನ್ನೂ ಬಿಟ್ಟಿದ್ದಾರೆಂದು ಪತ್ನಿಯ ದೂರು. ಆದರೆ ಏಪ್ರಿಲ್ ತಿಂಗಳು ಬಂದಿತೆಂದರೆ ವಾರಕ್ಕೊಮ್ಮೆ ದೂರವಾಣಿಯಲ್ಲಿ ಮಗಳನ್ನು ಕರೆಯುತ್ತಾರೆ. ಮೊಮ್ಮಗನ ಯೋಗಕ್ಷೇಮ ವಿಚಾರಿಸುವುದಕ್ಕೆ ಮುಂಚೆ ಅವರು ಕೇಳುವ ಮಾತು ಒಂದೇ: “ಅಲ್ಲಿ ಹಿಮ ಬಿತ್ತೇನಮ್ಮ? ಆಕೆ ದೀಪ ಹಚ್ಚಿದ್ದಾಳೆಯೇ?”